ಜಡೆ ಎಣಿಸಿದ ಮೇಷ್ಟ್ರು

ಎಣಿಕೆ ಮೇಷ್ಟ್ರ ಹಣೆಯಲ್ಲಿ, ವಿಭೂತಿಯ ಮೂರು ಗೆರೆಗಳ ನಡುವೆ, ಸದಾ ಒಂದು ಮಸಿಯ ಬೊಟ್ಟು ಇರುತ್ತಿತ್ತು. ಯೋಚನೆಗೆ ಬಿದ್ದರೆ ಮಸಿ ಮೆತ್ತಿದ ಬೆರಳಲ್ಲೇ ಹಣೆ ಉಜ್ಜಿಕೊಳ್ಳುವ ಅಭ್ಯಾಸ ಅವರದು. "ದೃಷ್ಟಿಬೊಟ್ಟು ಇಟ್ಕಂಡು ಬಂದ್ರು ನೋಡ್ರಿ" ಎಂದು ನಮ್ಮ ಜವನಗೊಂಡನಹಳ್ಳಿಯ ಹೆಂಗಸರು ನಗುತ್ತಿದ್ದರು.

ಅವರು ಹಿರಿಯೂರಿನ ಶಾಲೆಯವರು. ಹೆಣ್ಣುಮಕ್ಕಳ ಶಾಲೆ ಯಾವ ಊರಿಗೆ ಬೇಕೆಂದು ತಿಳಿಯಲು, ಮನೆಮನೆಯ ಮಕ್ಕಳನ್ನು ಎಣಿಸಿ ಬರೆಯುವಂತೆ ಸರ್ಕಾರದವರು ಕಳಿಸಿದ್ದರು. ನನಗಾಗ ಎಂಟು ವರ್ಷ. ಅಣ್ಣಂದಿರ ಬಳಪ ಕದ್ದು ಗೋಡೆ ಗೀಚಿ ದಿನಾ ಬೈಸಿಕೊಳ್ಳುತ್ತಿದ್ದೆ. ಅಕ್ಷರದ ಹುಚ್ಚು ಅಷ್ಟಿತ್ತು.

ಮೇಷ್ಟ್ರು ಜಗಲಿಯಲ್ಲಿ ಕೂತು ಅಪ್ಪನನ್ನು ಕೇಳಿದರು, "ಮಕ್ಕಳೆಷ್ಟು?"

"ಇಬ್ರು. ಬರ್ಕಳ್ರಿ."

ನೀರು ತಂದಿಟ್ಟ ನನ್ನನ್ನು ನೋಡಿ, "ಈಕೆ?" ಎಂದರು.

"ಅದು ಹುಡುಗಿ, ಸ್ವಾಮಿ. ನೀವು ಕೇಳಿದ್ದು ಮಕ್ಕಳ್ನ ಅಲ್ವೇನ್ರಿ?"

ಅಪ್ಪ ಸುಳ್ಳು ಹೇಳುವವನಲ್ಲ. ನಮ್ಮೂರಲ್ಲಿ ಮಕ್ಕಳು ಎಂದರೆ ಗಂಡುಮಕ್ಕಳೇ. ಮೇಷ್ಟ್ರ ಬೆರಳು ಹಣೆಗೆ ಹೋಯಿತು. ಅರ್ಧ ಊರನ್ನು ಹಾಗೆಯೇ ಬರೆದುಕೊಂಡಾಗಿತ್ತು. ಆ ಕಾಗದ ಮೇಲಕ್ಕೆ ಹೋಗಿದ್ದರೆ, ಹುಡುಗಿಯರೇ ಇಲ್ಲದ ಊರಿಗೆ ಶಾಲೆ ಯಾರು ಕೊಡುತ್ತಿದ್ದರು?

ಮರುದಿನ ಮತ್ತೆ ಮೊದಲ ಮನೆಯಿಂದ ಹೊರಟರು. "ಏನ್ ಮೇಷ್ಟ್ರೇ, ಲೆಕ್ಕ ಮರೆತೋತಾ?" ಎಂದು ಪಟೇಲರು ಕೆಣಕಿದರು.

"ಜನ ಸರಿಯಾಗೇ ಹೇಳಿದ್ರು. ನಾನು ಕೇಳಿದ್ದೇ ತಪ್ಪು."

ಈ ಸಲ ಜಗಲಿ ಹತ್ತಲಿಲ್ಲ. ಹಿತ್ತಲ ಬಾಗಿಲಲ್ಲಿ ನಿಂತು ನಮ್ಮಜ್ಜಿಯನ್ನು ಕೇಳಿದರು, "ಅವ್ವಾರೆ, ಈ ಮನೇಲಿ ದಿನಾ ಎಷ್ಟು ಹುಡುಗೀರಿಗೆ ಜಡೆ ಹಾಕ್ತೀರಿ?"

"ನಾಕು ಕಣಪ್ಪ! ಕೈ ಬಿದ್ದೋಗ್ತವೆ ನಂಗೆ!"

ಮನೆಮನೆಯಲ್ಲೂ ಅದೇ ಪ್ರಶ್ನೆ, ಅದೇ ಗೊಣಗಾಟ. ಆ ಎಣಿಕೆ ನೋಡಿ ಮೇಲಿನವರು ಶಾಲೆ ಮಂಜೂರು ಮಾಡಿದರು. ಆಮೇಲೆ ಹೊಸದುರ್ಗ, ಹೊಳಲ್ಕೆರೆ ಕಡೆಗೆ ಕಳಿಸಿದ ಕಾಗದಗಳಲ್ಲಿ ಗಂಡು, ಹೆಣ್ಣು ಎಂದು ಬೇರೆಬೇರೆ ಅಂಕಣ ಗೀಚಿದ್ದರಂತೆ. ನಾನು ಆ ಶಾಲೆಯಲ್ಲೇ ಕಲಿತೆ, ಮುಂದೆ ಅಲ್ಲೇ ಕಲಿಸಿದೆ.

ಮೇಷ್ಟ್ರು ತೀರಿಕೊಂಡಾಗ ಹಿರಿಯೂರಿಗೆ ಹೋದೆ. ಅವರ ಹೆಂಡತಿ ಹಳೆಯ ಕಾಗದದ ಕಟ್ಟೊಂದನ್ನು ನನ್ನ ಕೈಗಿಟ್ಟರು. "ಏನ್ ಬರ್ದವ್ರೋ ನೋಡವ್ವ. ಊರೂರು ಹುಡುಗೀರ್ನ ಎಣಿಸಿದ್ರು, ನಂಗೆ ಅಕ್ಷರ ಕಲ್ಸಾಕೆ ಪುರುಸೊತ್ತಾಗ್ಲಿಲ್ಲ" ಎಂದು ಅಳುತ್ತಲೇ ನಕ್ಕರು.

ಅದು ಮೇಷ್ಟ್ರ ಎಣಿಕೆಯ ಕರಡು. ನಮ್ಮ ಮನೆಯ ಹಾಳೆ ಸಿಕ್ಕಿತು. 'ಎರಡು' ಎಂಬುದನ್ನು ಹೊಡೆದುಹಾಕಿ, ಪಕ್ಕದಲ್ಲಿ 'ಆರು' ಎಂದು ಬರೆದಿದ್ದರು. ಆ ತಾಯಿಗೆ ಗಟ್ಟಿಯಾಗಿ ಓದಿ ಹೇಳಿದೆ. ಆ ಆರರಲ್ಲಿ ನಾನೂ ಒಬ್ಬಳು ಎಂದು, ಅವರ ಬೆರಳು ಹಿಡಿದು ಆ ಅಕ್ಷರಗಳ ಮೇಲೆ ಇಟ್ಟೆ.