ಶೈಲಜಮ್ಮನವರ ಪ್ರದಕ್ಷಿಣೆ

ಮೊದಲೇ ಹೇಳಿಬಿಡುತ್ತೇನೆ, ಆ ಸುದ್ದಿ ಹಬ್ಬಿಸಿದವಳು ನಾನೇ. ಬೇರೆ ಯಾರ ಬಾಯಿಂದಲೋ ನಿಮ್ಮ ಕಿವಿಗೆ ಬೀಳುವುದಕ್ಕಿಂತ ನಾನೇ ಒಪ್ಪಿಕೊಳ್ಳುವುದು ಮರ್ಯಾದೆ. ನಾನು ಸುಳ್ಳು ಹೇಳುವವಳಲ್ಲ. ಕಣ್ಣಿಗೆ ಕಂಡದ್ದಕ್ಕೆ ಒಂದು ಕಾರಣ ಜೋಡಿಸುತ್ತೇನೆ, ಅಷ್ಟೇ.

ಚಾಮರಾಜಪೇಟೆಯ ವಠಾರದಲ್ಲಿ ನಮ್ಮದು ಮೂರನೆಯ ಮನೆ, ಶೈಲಜಮ್ಮನವರದು ನಾಲ್ಕನೆಯದು. ನಡುವೆ ಒಂದೇ ಗೋಡೆ. ಅವರು ಒಗ್ಗರಣೆ ಹಾಕಿದರೆ ನಾವು ಸೀನುತ್ತಿದ್ದೆವು. ಅವರ ಯಜಮಾನರು ಏಕಾಂತಯ್ಯ. ಪೇಟೆಯಲ್ಲಿ ಪಾತ್ರೆ ಅಂಗಡಿ, ಮಾತು ಕಡಿಮೆ. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು, ಜೊತೆಗೆ ಅತ್ತೆ. ಬೆಳಗ್ಗೆ ಐದಕ್ಕೆ ನಲ್ಲಿಯ ಮುಂದೆ ಬಿಂದಿಗೆ ಇಟ್ಟಲ್ಲಿಂದ ಎಲ್ಲರ ಊಟ ಮುಗಿಯುವ ತನಕ ಆ ಹೆಂಗಸು ಕೂತದ್ದನ್ನು ನಾನು ಕಂಡಿಲ್ಲ. ಆದರೂ ಎರಡನೆಯ ಬಾಣಂತನದಲ್ಲಿ ಬಂದ ಮೈ ಇಳಿದಿರಲಿಲ್ಲ. ಹಪ್ಪಳ ಒಣಗಿಸಲು ಮಹಡಿ ಹತ್ತುವಾಗ ಹದಿನೆಂಟು ಮೆಟ್ಟಿಲಿಗೆ ಎರಡು ಸಲ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು.

ಆ ಮನೆಯವರಿಗೆ ವರ್ಷಕ್ಕೊಂದು ಪ್ರವಾಸದ ಹುಚ್ಚು. ಏಕಾಂತಯ್ಯನವರ ತಮ್ಮ ರೇವಣಸಿದ್ದಯ್ಯ ಅದರ ಮುಂದಾಳು. ಮೆಟಡಾರ್ ವ್ಯಾನು ಗೊತ್ತು ಮಾಡಿ, ನೆಂಟರನ್ನೆಲ್ಲ ತುಂಬಿಕೊಂಡು, ಎಲ್ಲಿ ಬೆಟ್ಟ ಇದೆಯೋ ಅಲ್ಲಿಗೆ ಹೊರಡುವ ಮನುಷ್ಯ. ಮೇಲುಕೋಟೆ ಆಯಿತು, ಶ್ರವಣಬೆಳಗೊಳ ಆಯಿತು. ಪ್ರತಿ ಬೆಟ್ಟದ ಬುಡದಲ್ಲೂ ಶೈಲಜಮ್ಮ ಎಲ್ಲರ ಚಪ್ಪಲಿಗಳ ಪಕ್ಕದಲ್ಲಿ, ಬುತ್ತಿಯ ಕ್ಯಾರಿಯರ್ ತೊಡೆಯ ಮೇಲಿಟ್ಟುಕೊಂಡು, ಕೋತಿ ಓಡಿಸುತ್ತ ಕೂರುತ್ತಿದ್ದರು. "ನಮ್ಮ ಅತ್ತಿಗೆ ಹೆಸರಿಗೆ ಮಾತ್ರ ಬೆಟ್ಟದ ಮಗಳು" ಎಂದು ರೇವಣಸಿದ್ದಯ್ಯ ತಮಾಷೆ ಮಾಡಿದರೆ ಅತ್ತಿಗೆಯೂ ಸೇರಿ ನಗುತ್ತಿದ್ದರು.

ಎಪ್ಪತ್ತೇಳರ ದಸರೆ ರಜೆ ಕಳೆದು ಶಾಲೆ ಶುರುವಾದಾಗ ಅವರ ದೊಡ್ಡ ಮಗಳು ದಾಕ್ಷಾಯಿಣಿಗೆ ಪ್ರಬಂಧ ಬರೆಯಲು ಕೊಟ್ಟರು. ವಿಷಯ 'ನನ್ನ ತಾಯಿ'. ಹತ್ತು ವರ್ಷದ ಹುಡುಗಿ ದುಂಡಗೆ ಬರೆದಿದ್ದಳು: "ನನ್ನ ತಾಯಿ ರುಚಿಯಾಗಿ ಅಡಿಗೆ ಮಾಡುತ್ತಾರೆ. ನಾವು ಪ್ರವಾಸಕ್ಕೆ ಹೋದಾಗ ಅವರು ಕೆಳಗೆ ಕುಳಿತು ಎಲ್ಲರ ಚಪ್ಪಲಿ ಕಾಯುತ್ತಾರೆ. ಮೇಲೆ ಏನೇನು ಇದೆ ಎಂದು ನಾನು ಬಂದು ಅವರಿಗೆ ಹೇಳುತ್ತೇನೆ." ಅದರ ಕೆಳಗೆ ಮೇಡಂ ಕೆಂಪು ಶಾಯಿಯಲ್ಲಿ 'ಉತ್ತಮ' ಎಂದು ಬರೆದಿದ್ದರು.

ಶೈಲಜಮ್ಮ ಆ ಪುಸ್ತಕವನ್ನು ನನಗೆ ತೋರಿಸಿ ನಕ್ಕರು. ಸ್ವಲ್ಪ ಹೊತ್ತಿಗೆ ಗೋಡೆಯಾಚೆ ಮೂಗು ಸೀಟುವ ಸದ್ದು ಕೇಳಿತು. ಪಾಪ, ನೆಗಡಿಯಾಗಿದೆ ಎಂದುಕೊಂಡು ಮೆಣಸಿನ ಕಷಾಯ ಮಾಡಿ ಕಳಿಸಿದೆ. ನನ್ನ ಊಹೆಗಳು ಹೀಗೇ.

ಆ ಸಲದ ಪ್ರವಾಸ ಶಿವಗಂಗೆಗೆ, ಜನವರಿಯ ಕೊನೆಯ ಭಾನುವಾರ ಎಂದು ತೀರ್ಮಾನವಾಗಿತ್ತು. ತುದಿ ಮುಟ್ಟಲೇಬೇಕೆಂದು ಶೈಲಜಮ್ಮ ಮನಸ್ಸಿನಲ್ಲೇ ನಿಶ್ಚಯ ಮಾಡಿಕೊಂಡರು; ನನಗೆ ಅದು ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ಬಾಯಿ ಬಿಟ್ಟು ಹೇಳಿದರೆ ಮೈದುನ ನಗುತ್ತಾನೆ, ಅತ್ತೆ ಬೇಡ ಎನ್ನುತ್ತಾರೆ. ಕೈಯಲ್ಲಿ ಮೂರು ತಿಂಗಳಿತ್ತು. ಮೊದಲ ದಿನ ಸುಮ್ಮನೆ ನಡೆದು ಬರೋಣವೆಂದು ಬೀದಿಗಿಳಿದರೆ, ಉಮಾ ಟಾಕೀಸು ಮುಟ್ಟುವುದರೊಳಗೆ ಒಂಬತ್ತು ಜನ "ಎಲ್ಲಿಗೆ ಹೊರಟ್ರಿ?" ಎಂದು ಕೇಳಿದರು. "ಎಲ್ಲೂ ಇಲ್ಲ, ಸುಮ್ನೆ" ಎಂದದ್ದೇ ತಪ್ಪಾಯಿತು. ಮರುದಿನ ಹೂವಿನ ಅಂಜಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ಅವರ ಮನೇಲಿ ಏನಾದ್ರೂ ಜಗಳಾನಾ ಅಕ್ಕ?" ಎಂದಳು. ಕೈಯಲ್ಲಿ ಚೀಲವಿಲ್ಲದೆ, ಜೊತೆಗೆ ಮಕ್ಕಳಿಲ್ಲದೆ ನಡೆಯುವ ಗೃಹಿಣಿಯನ್ನು ನಮ್ಮ ಬೀದಿ ಅದುವರೆಗೆ ನೋಡಿರಲಿಲ್ಲ.

ಹೆಂಗಸೊಬ್ಬಳು ಯಾರಿಗೂ ಜವಾಬು ಕೊಡದೆ ಎಷ್ಟು ಬೇಕಾದರೂ ನಡೆಯಬಹುದಾದ ಜಾಗ ಒಂದೇ ಒಂದಿತ್ತು. ಅದು ಬೀದಿ ಕೊನೆಯ ಈಶ್ವರನ ಗುಡಿಯ ಹಿಂದಿನ ಅರಳಿಕಟ್ಟೆ. ಒಂದು ಸುತ್ತಿಗೆ ಮೂವತ್ತು ಹೆಜ್ಜೆ. ಶೈಲಜಮ್ಮ ಹನ್ನೊಂದು ಸುತ್ತಿನಿಂದ ಶುರುಮಾಡಿ, ಇಪ್ಪತ್ತೊಂದು, ಐವತ್ತನಾಲ್ಕು ಎಂದು ಏರಿಸುತ್ತ ಡಿಸೆಂಬರಿನ ಹೊತ್ತಿಗೆ ದಿನಕ್ಕೆ ನೂರೆಂಟಕ್ಕೆ ತಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ತುಟಿಯಲ್ಲಿ ಲೆಕ್ಕ ಹೇಳುತ್ತ, ಬಸ್ಸು ತಪ್ಪಿಹೋಗುತ್ತದೆ ಎನ್ನುವವರ ಹಾಗೆ ಸುತ್ತುತ್ತಿದ್ದರು. ಅಡ್ಡ ನಿಂತವರು ತಾವಾಗಿ ದಾರಿ ಬಿಡುತ್ತಿದ್ದರು.

ಇಬ್ಬರು ಹೆಣ್ಣುಮಕ್ಕಳ ತಾಯಿ ದಿನವೂ ಅರಳಿಮರ ಸುತ್ತಿದರೆ ಏನರ್ಥ? ನೀವೇ ಹೇಳಿ. ಗಂಡುಮಗುವಿಗೆ ಹರಕೆ ಹೊತ್ತಿದ್ದಾರೆ ಎಂದು ನಾನು ಅಂಜಮ್ಮನ ಹತ್ತಿರ ಮಾತ್ರ ಹೇಳಿದೆ. ಅವಳು ಹೂವು ಕೊಡುವ ಮನೆಗಳಿಗೆ ಮಾತ್ರ ಹೇಳಿದಳು. ವಾರದೊಳಗೆ ಶೈಲಜಮ್ಮನ ಅತ್ತೆಯ ಕಿವಿಗೂ ಬಿತ್ತು. ಮುದುಕಿಗೆ ಆದ ಸಂತೋಷ ಹೇಳತೀರದು. ಸೊಸೆಯ ಎಲೆಗೆ ತಾವೇ ನಿಂತು ತುಪ್ಪ ಸುರಿಯತೊಡಗಿದರು. "ಬಿಂದಿಗೆ ಎತ್ಬೇಡ, ಮಹಡಿ ಹತ್ಬೇಡ" ಎಂದು ಕಾವಲು ಬೇರೆ. ಅತ್ತೆಗೆ ಇದ್ದಕ್ಕಿದ್ದಂತೆ ಬಂದ ಈ ಅಕ್ಕರೆ ಯಾಕೆಂದು ಶೈಲಜಮ್ಮನಿಗೆ ಅರ್ಥವಾಗಲಿಲ್ಲ. ತುಪ್ಪ ತಿಂದದ್ದು ಇಳಿಯಲೆಂದು ಇನ್ನೂ ಇಪ್ಪತ್ತು ಸುತ್ತು ಹೆಚ್ಚು ಮಾಡಿದರು. ಅದನ್ನು ನೋಡಿ ಅತ್ತೆ ಇನ್ನೊಂದು ಮಿಳ್ಳೆ ತುಪ್ಪ ಬಡಿಸಿದರು.

ಪ್ರವಾಸಕ್ಕೆ ಎರಡು ದಿನವಿದ್ದಾಗ ರೇವಣಸಿದ್ದಯ್ಯ ಪಟ್ಟಿ ಮಾಡಲು ಬಂದ. ಪುಳಿಯೋಗರೆ ಪುಡಿ ಕೊಡಲು ಹೋಗಿದ್ದ ನಾನೂ ಅಲ್ಲೇ ಇದ್ದೆ.

"ಶೈಲಜಾ ಈ ಸಲ ಬರೋದು ಬೇಡ. ಹರಕೆ ಹೊತ್ತಿರೋಳು, ವ್ಯಾನಲ್ಲಿ ಮೈ ಕುಲುಕಿಸ್ಕೊಂಡು ಯಾಕೆ ಬರ್ಬೇಕು? ಮನೇಲೇ ಇರ್ಲಿ" ಎಂದರು ಅತ್ತೆ.

"ಯಾವ ಹರಕೆ ಅತ್ತೆ?" ಎಂದರು ಶೈಲಜಮ್ಮ.

"ಮೊಮ್ಮಗನಿಗೆ ಅಂತ ನೀನು ಮರ ಸುತ್ತುತಿರೋದು ಇಡೀ ಬೀದಿಗೇ ಗೊತ್ತು. ತುಳಸಮ್ಮನೇ ಹೇಳಿದಾಳಂತೆ."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಪುಳಿಯೋಗರೆ ಪುಡಿಯ ಮುಚ್ಚಳ ತಿರುಗಿಸಿದೆ. ಶೈಲಜಮ್ಮನ ಮುಖ ಕೆಂಪಾಯಿತು. ನನಗೆ ಮಂಗಳಾರತಿ ಖಂಡಿತ ಎಂದುಕೊಂಡೆ. ಆದರೆ ಅವರು ಹೇಳಿದ್ದೇ ಬೇರೆ.

"ನನಗೆ ಮಗ ಬೇಡ ಅತ್ತೆ. ಇರೋ ಇಬ್ಬರೇ ಸಾಕು. ಮೂರು ತಿಂಗಳಿಂದ ನಾನು ಸುತ್ತುತಿರೋದು ಕಾಲಿಗೆ ಬಲ ಬರ್ಲಿ ಅಂತ. ಶಿವಗಂಗೆ ತುದಿಗೆ ನಾನು ಹೋಗ್ಬೇಕು. ಮೇಲೆ ಏನಿದೆ ಅಂತ ನನ್ನ ಕಣ್ಣಿಂದ ನೋಡ್ಬೇಕು, ಇನ್ನೊಬ್ಬರ ಬಾಯಿಂದ ಕೇಳಿ ಸಾಕಾಗಿದೆ."

ರೇವಣಸಿದ್ದಯ್ಯ ನಗಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ಅತ್ತೆ ಮಾತ್ರ, "ಅಲ್ವೇ, ಒಂದು ತಿಂಗಳು ನನ್ನ ತುಪ್ಪ ತಿಂದ್ಯಲ್ಲೇ!" ಎಂದರು. ಏಕಾಂತಯ್ಯ ಮೊದಲ ಸಲ ಬಾಯಿಬಿಟ್ಟರು. "ತುಪ್ಪ ತಿಂದಿದ್ದಾಳೆ ಅಂದ್ಮೇಲೆ ಹತ್ಲಿ ಬಿಡಮ್ಮ."

ಶೈಲಜಮ್ಮ ನನ್ನನ್ನು ಬಾಗಿಲ ತನಕ ಬಿಟ್ಟು, "ತುಳಸಮ್ಮನೋರೇ, ನೀವೂ ಬನ್ನಿ. ಕಣ್ಣಾರೆ ನೋಡಿ, ಆಮೇಲೆ ಬೀದಿಗೆಲ್ಲಾ ಹೇಳಿ" ಎಂದರು. ಅದೇ ನನಗೆ ಅವರು ಕೊಟ್ಟ ಶಿಕ್ಷೆ.

ಶಿಕ್ಷೆ ಎಂದರೆ ಶಿಕ್ಷೆಯೇ. ಶಿವಗಂಗೆಯ ಮೆಟ್ಟಿಲುಗಳು ಮೊದಮೊದಲು ಸಭ್ಯವಾಗಿದ್ದು, ಬರಬರುತ್ತ ಬಂಡೆಯಲ್ಲೇ ಕೊರೆದ ಗುಳಿಗಳಾಗುತ್ತವೆ. ಅತ್ತೆ ಕೆಳಗೆ ಗಂಗಾಧರೇಶ್ವರನ ಗುಡಿಯಲ್ಲಿ ಉಳಿದರು. ಚಿಕ್ಕ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಏಕಾಂತಯ್ಯ ಮುಂದೆ ಹೋದರು. ನಾನು ಅರ್ಧಕ್ಕೆ ಬರುವುದರೊಳಗೆ ಹೋದ ಜನ್ಮದ್ದೆಲ್ಲ ನೆನಪಿಸಿಕೊಂಡೆ. ಶೈಲಜಮ್ಮ ಓಡಲಿಲ್ಲ, ನಿಲ್ಲಲೂ ಇಲ್ಲ. ತುಟಿ ಮಾತ್ರ ಅಲ್ಲಾಡುತ್ತಿತ್ತು.

"ಏನ್ರೀ ಅದು, ಮಂತ್ರಾನಾ?" ಎಂದು ಏದುಸಿರಿನಲ್ಲೇ ಕೇಳಿದೆ.

"ಸುತ್ತು ಎಣಿಸ್ತಿದೀನಿ. ಮೂವತ್ತು ಹೆಜ್ಜೆಗೆ ಒಂದು. ಇನ್ನೂ ಐವತ್ತೂ ಆಗಿಲ್ಲ, ಬನ್ನಿ."

ಕೊನೆಯ ಏರು ಬಂತು. ಬಂಡೆ ಗೋಡೆಯ ಹಾಗೆ ನಿಂತಿತ್ತು, ಹಿಡಿದುಕೊಳ್ಳಲು ಕಬ್ಬಿಣದ ಕಂಬಿ, ಪಕ್ಕಕ್ಕೆ ನೋಡಿದರೆ ಬರೀ ಗಾಳಿ. ಹಿಂದಿನ ಬೆಟ್ಟಗಳಲ್ಲೆಲ್ಲ ಚಿಗರೆಯ ಹಾಗೆ ಓಡಿದ್ದ ದಾಕ್ಷಾಯಿಣಿ ಅದನ್ನು ನೋಡಿದವಳೇ ಕುಸಿದು ಕೂತಳು. ಕೆನ್ನೆ ಬಿಳಿಚಿಕೊಂಡಿತ್ತು. "ಅಮ್ಮಾ, ನನ್ಕೈಲಾಗಲ್ಲ. ನಾನು ಇಲ್ಲೇ ಕೂತಿರ್ತೀನಿ, ನೀನು ಹೋಗ್ಬಾ."

"ಕೂತಿರ್ಲಿ ಬಿಡಿ ಅತ್ತಿಗೆ, ಇಷ್ಟು ದೂರ ಬಂದಿದೀರ, ನೀವು ನಡೀರಿ" ಎಂದ ರೇವಣಸಿದ್ದಯ್ಯ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ನನಗೂ ಅದೇ ಬೇಕಾಗಿತ್ತು. "ನಾನೂ ಅವಳ ಜೊತೆ ಇರ್ತೀನಿ" ಎಂದು ಕೂತೇಬಿಟ್ಟೆ.

ಆಗಲೇ ನಾಲ್ಕು ಗುಳಿ ಹತ್ತಿದ್ದ ಶೈಲಜಮ್ಮ ಮೇಲೆ ನೋಡಿದರು. ತುದಿ ಅಷ್ಟು ಹತ್ತಿರದಲ್ಲಿತ್ತು. ಮೂರು ತಿಂಗಳ ಬೆವರು ಅಲ್ಲಿಗೆ ಮುಟ್ಟಲು ಇನ್ನು ಹತ್ತು ನಿಮಿಷ ಸಾಕಾಗಿತ್ತು. ಅವರು ತಿರುಗಿ ಕೆಳಗಿಳಿದು ಬಂದು ಮಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತರು.

"ನೀನು ಹೊಟ್ಟೇಲಿದ್ದಾಗ ನಂದಿಬೆಟ್ಟದಲ್ಲಿ ನಾನೂ ಹೀಗೇ ಅಂದಿದ್ದೆ ದಾಕ್ಷಿ. ಇದೊಂದು ಸಲ ಕೂತಿರ್ತೀನಿ ಅಂತ. ಏಳೋಕೆ ಹನ್ನೊಂದು ವರ್ಷ ಬೇಕಾಯ್ತು. ನೀನು ಕೂತ್ಕೋಬೇಡ. ಭಯ ಆದ್ರೆ ಆಗ್ಲಿ, ಅಳು ಬಂದ್ರೆ ಅಳು. ಆದ್ರೆ ಹತ್ಕೊಂಡೇ ಅಳು. ನಾನು ಹಿಂದೇನೇ ಇರ್ತೀನಿ."

ಹುಡುಗಿ ಅಳುತ್ತಲೇ ಎದ್ದಳು. ಒಂದು ಕೈ ಕಂಬಿಯ ಮೇಲೆ, ಹಿಂದೆ ಅಮ್ಮನ ಅಂಗೈ ಬೆನ್ನಿಗೆ. ಅಮ್ಮ ಗಟ್ಟಿಯಾಗಿ ಎಣಿಸಿದರು, ಮಗಳು ಬಿಕ್ಕುತ್ತ ಎಣಿಸಿದಳು. ನನ್ನನ್ನು ಯಾರೂ ಕರೆಯಲಿಲ್ಲ. ಆದರೂ ಆ ಮಾತು ಕೇಳಿದ ಮೇಲೆ ನನಗೆ ಕೂತಿರಲು ನಾಚಿಕೆಯಾಗಿ ಎದ್ದು ಹಿಂದೆಯೇ ಹತ್ತಿದೆ.

ತುದಿಯಲ್ಲಿ ಬಂಡೆಯ ಮೇಲೆ ಕಲ್ಲಿನ ಬಸವ, ಸುತ್ತ ಆಕಾಶ. ದಾಕ್ಷಾಯಿಣಿ ಕಣ್ಣೊರೆಸಿಕೊಂಡು ಕುಣಿದಳು. ಏಕಾಂತಯ್ಯ ಹೆಂಡತಿಯನ್ನೇ ನೋಡುತ್ತ ನಿಂತರು. ಆ ಮನುಷ್ಯನ ಮುಖದಲ್ಲಿ ಅಷ್ಟು ಹೆಮ್ಮೆಯನ್ನು ನಾನು ಮುಂಚೆ ಕಂಡಿರಲಿಲ್ಲ. ಶೈಲಜಮ್ಮ ಬಸವನಿಗೆ ಕೈ ಮುಗಿದು, ಒಂದೊಂದೇ ದಿಕ್ಕಿಗೆ ತಿರುಗಿ ಕೆಳಗಿನ ಕೆರೆ, ಹೊಲ, ರಸ್ತೆ ಎಲ್ಲವನ್ನೂ ನೋಡತೊಡಗಿದರು.

"ಅತ್ತಿಗೆ, ಹೊತ್ತಾಯ್ತು. ಊಟಕ್ಕೆ ಇಳಿಯೋಣ್ವಾ?" ಎಂದು ರೇವಣಸಿದ್ದಯ್ಯ ಮೆಲ್ಲಗೆ ಕೇಳಿದ.

"ಇರಿ, ನಾನಿನ್ನೂ ನೋಡ್ತಿದೀನಿ" ಎಂದರು ಶೈಲಜಮ್ಮ, ತಿರುಗದೆ.

ಅವರು ನೋಡಿ ಮುಗಿಸುವವರೆಗೆ, ಸುಮಾರು ಅರ್ಧ ಗಂಟೆ, ನಾವೆಲ್ಲ ಆ ಬಿಸಿಲಿನಲ್ಲಿ ಅವರಿಗಾಗಿ ಕಾಯುತ್ತ ಕೂತೆವು.