ಪೋಲಿಯನ್ನು ಹಾಕದ ಬೆಳಿಗ್ಗೆ

ಭಾಗ್ಯ, ನಿನ್ನ ಕೆಲಸ ಕಳೆದವನು ನಾನು. ಕಂಪನಿಯಲ್ಲ, ನಿನ್ನ ಗ್ರಹಚಾರವೂ ಅಲ್ಲ—ನಾನು. ಎರಡು ಸುಳ್ಳು ಹೇಳಿದೆ, ಎರಡೂ ನಿನ್ನೆದುರಿಗೇ. ಮೊದಲನೆಯದನ್ನು ನೀನು ನಂಬಿದೆ. ಎರಡನೆಯದನ್ನು ಕೇಳಿಸಿಕೊಂಡೂ ಸುಮ್ಮನಿದ್ದೆ.

ಮೂರು ವರ್ಷದಿಂದ ನನಗೆ ನಾನೇ ಒಂದು ಸಮಾಧಾನ ಹೇಳಿಕೊಳ್ಳುತ್ತಿದ್ದೇನೆ—ಹೇಗಿದ್ದರೂ ಮುಚ್ಚುವ ವಿಭಾಗ, ಇವತ್ತಲ್ಲ ನಾಳೆ ಎಲ್ಲರೂ ಹೋಗುವವರೇ ಅಂತ. ಮುಚ್ಚುತ್ತಿತ್ತು, ಅದು ನಿಜ. ಸೆನ್ಸರ್ ಚಿಪ್‌ನಲ್ಲಿ ನಷ್ಟವೇ ಹೆಚ್ಚು, ಬಿಟ್ಟುಬಿಡೋಣ ಎಂದು ಹಾಸನವನ್ನು ಕಣ್ಣಲ್ಲಿ ನೋಡಿರದ ಯಾರೋ ಎಲ್ಲೋ ಕೂತು ತೀರ್ಮಾನಿಸಿದ್ದರು. ಆದರೆ ಅದೇ ಕಟ್ಟಡದಲ್ಲಿ ಪವರ್ ಚಿಪ್ ವಿಭಾಗ ಉಳಿಯುತ್ತಿತ್ತು. ನಮ್ಮ ಟೆಸ್ಟಿಂಗ್‌ನಿಂದ ಅಲ್ಲಿಗೆ ಒಬ್ಬರನ್ನು ಮಾತ್ರ ತೆಗೆದುಕೊಳ್ಳುತ್ತಾರೆ ಎಂದು ಎಲ್ಲರಿಗೂ ಗೊತ್ತಿತ್ತು. ಆ ಒಬ್ಬರು ನೀನೇ ಎಂದೂ ಗೊತ್ತಿತ್ತು. ನನಗಂತೂ ಚೆನ್ನಾಗಿ ಗೊತ್ತಿತ್ತು.

ಈ ಕಾಗದವನ್ನು ನೀನು ಮಗಳಿಗೆ ಓದಿ ಹೇಳಬೇಕಾಗಬಹುದು. ಅದಕ್ಕೆ ನಿನಗೆ ಗೊತ್ತಿರುವುದನ್ನೂ ಬರೆಯುತ್ತಿದ್ದೇನೆ.

ಪ್ರತಿ ಪಾಳಿ ಶುರುವಾಗುವ ಮೊದಲು ಬೇಕಂತಲೇ ಒಂದು ಕೆಟ್ಟ ಚಿಪ್ಪನ್ನು ಟೆಸ್ಟಿಂಗ್ ಯಂತ್ರಕ್ಕೆ ಕೊಡಬೇಕು. ಯಂತ್ರ ಸರಿಯಾಗಿದ್ದರೆ ಅದನ್ನು ಹಿಡಿದು ಹೊರಗೆ ತಳ್ಳುತ್ತದೆ. ಆ ಚಿಪ್ಪಿಗೆ ‘ಪೋಲಿ’ ಅಂತ ಹೆಸರಿಟ್ಟವಳು ನೀನೇ. ಪೋಲಿಯನ್ನು ಹಾಕಿದವರು ಒಬ್ಬರು, ನೋಡಿದವರು ಇನ್ನೊಬ್ಬರು—ಇಬ್ಬರೂ ಹಾಳೆಯ ಮೇಲೆ ಸಹಿ ಮಾಡಬೇಕು. ಆದರೆ ಧೂಳಾಗುತ್ತದೆಂದು ಕಾಗದವನ್ನು ಒಳಗೆ ಬಿಡುವುದಿಲ್ಲ. ಹಾಳೆ ನೇತಾಡುವುದು ಗಾಜಿನ ಬಾಗಿಲ ಹೊರಗೆ. ತಲೆಯಿಂದ ಕಾಲಿನವರೆಗೆ ಬಿಳಿ ಸೂಟ್ ತೊಟ್ಟು ಒಳಗೆ ಹೋದಮೇಲೆ ಒಂದು ಸಹಿಗಾಗಿ ಮತ್ತೆ ಹೊರಗೆ ಬರುವವರು ಯಾರು? ಎಲ್ಲರೂ ಮೊದಲೇ ಸಹಿ ಹಾಕಿ ಒಳಗೆ ಹೋಗುತ್ತಿದ್ದೆವು. ಆ ಬೆಳಿಗ್ಗೆಯೂ ಹಾಗೆಯೇ—ಹಾಕಿದವರು ನೀನು, ನೋಡಿದವರು ನಾನು.

ಒಳಗೆ ಹೋಗಿ ಐದು ನಿಮಿಷವಾಗಿರಲಿಲ್ಲ, ನೀನು ನನ್ನ ಹತ್ತಿರ ಬಂದೆ. ಮಾಸ್ಕ್ ಮೇಲೆ ಗಾಬರಿಬಿದ್ದ ಕಣ್ಣು.

“ಅಣ್ಣಾ, ಮಗಳ ಇಸ್ಕೂಲಿಂದ ಫೋನ್ ಬಂದೈತಂತೆ, ಗೇಟಿಂದ ಯೋಳ್ ಕಳ್ಸವ್ರೆ. ಓಗ್ಬುಟ್ಟು ಬತ್ತೀನಿ. ಪೋಲಿನ ನೀವೇ ಹಾಕ್ಬುಡಿ.”

“ಓಗಮ್ಮ ಓಗು, ನಾನ್ ಹಾಕ್ತೀನಿ,” ಅಂದೆ.

ಹಾಕಲಿಲ್ಲ. ಪೋಲಿಯ ಡಬ್ಬಿ ಇದ್ದದ್ದು ಆ ತುದಿಯ ಕಪಾಟಿನಲ್ಲಿ, ಇಪ್ಪತ್ತು ಹೆಜ್ಜೆ. ನಿನ್ನೆ ಚೆನ್ನಾಗಿದ್ದ ಯಂತ್ರ ಇವತ್ತು ಕೆಡುತ್ತದಾ ಅಂದುಕೊಂಡು ಗುಂಡಿ ಒತ್ತಿದೆ. ಬರೀ ಸೋಮಾರಿತನ—ಬೇರೆ ಹೆಸರು ಹುಡುಕಿದೆ, ಸಿಗಲಿಲ್ಲ. ನೀನು ವಾಪಸ್ ಬಂದು ಕೇಳಿದ್ದು ಒಂದೇ ಮಾತು: “ಪೋಲಿನ ತಳ್ತಾ ಅಣ್ಣ?”

“ತಳ್ತು ಕಣಮ್ಮ,” ಅಂದುಬಿಟ್ಟೆ. ಮಗಳಿಗೆ ಜ್ವರ, ನಿಮ್ಮತ್ತೆ ದಂಡಿಗನಹಳ್ಳಿಯಿಂದ ಹೊರಟಿದ್ದಾರೆ ಎಂದು ಹೇಳಿ ನೀನು ನಿನ್ನ ಕೆಲಸಕ್ಕೆ ಕೂತೆ. ಆಗಲೂ ಎದ್ದು ಹೋಗಿ ಹಾಕಬಹುದಿತ್ತು. ಹೇಳಿದ ಸುಳ್ಳು ಎಲ್ಲಿ ಬಯಲಾಗುತ್ತದೋ ಅಂತ...

ಆ ದಿನ ಯಂತ್ರ ಒಳ್ಳೆಯದು ಕೆಟ್ಟದ್ದು ಎನ್ನದೆ ಎಲ್ಲವನ್ನೂ ಪಾಸು ಮಾಡಿತ್ತು. ಎರಡು ತಿಂಗಳಿಗೆ ಗಿರಾಕಿಯಿಂದ ಪೆಟ್ಟಿಗೆಗಳು ವಾಪಸ್ ಬಂದವು. ಯಾರು ಉಳಿಯಬೇಕು, ಯಾರು ಹೋಗಬೇಕು ಎಂದು ಪಟ್ಟಿ ಮಾಡುತ್ತಿದ್ದ ವಾರವೇ ಅದು.

ಮ್ಯಾನೇಜರ್ ನಮ್ಮಿಬ್ಬರನ್ನೂ ಕರೆಸಿ ಆ ದಿನದ ಹಾಳೆಯನ್ನು ಮೇಜಿನ ಮೇಲಿಟ್ಟರು. “ಈ ಚೆಕ್ ಮಾಡಿದ್ದು ಯಾರು?”

ನೀನು ನನ್ನ ಕಡೆ ತಿರುಗಿದೆ. ಅನುಮಾನದಿಂದಲ್ಲ—ನಾನು ಹೇಳುತ್ತೇನೆ ಎಂದು ಕಾಯುತ್ತಿದ್ದೆ. ಹೊಳೆನರಸೀಪುರದಲ್ಲಿ ಅರ್ಧ ಕಟ್ಟಿದ ನನ್ನ ಮನೆ ನೆನಪಾಯಿತು, ಪಟ್ಟಿಯಲ್ಲಿದ್ದ ಆ ಒಂದೇ ಒಂದು ಜಾಗ ನೆನಪಾಯಿತು.

“ಭಾಗ್ಯ, ಸಾ. ಹಾಕ್ದೆ ಅಂದ್ಲು. ನಂಬ್ಕೊಂಡು ಸೈನ್ ಮಾಡ್ಬುಟ್ಟೆ.”

ನಂಬಿದವಳು ನೀನು. ಆ ಮಾತನ್ನೂ ನಿನ್ನಿಂದ ಕದ್ದೆ.

ನೀನು ಜಗಳ ಮಾಡುತ್ತೀಯ ಎಂದು ಕಾದೆ. ಮಾಡಿದ್ದರೆ ಏನು ಹೇಳಬೇಕೆಂದು ಒಳಗೊಳಗೇ ಜೋಡಿಸಿಕೊಂಡೂ ಇದ್ದೆ, ಅಂಥ ಮನುಷ್ಯ ನಾನು. ನೀನು ಹಾಳೆಯನ್ನು ಹತ್ತಿರಕ್ಕೆ ಎಳೆದು ನೋಡಿ, “ಸೈನ್ ನಂದೇ ಸಾ,” ಅಂದೆ. ಅಷ್ಟೇ. ಹೊರಗೆ ಮೆಟ್ಟಿಲ ಹತ್ತಿರ ಮಾತ್ರ ಒಮ್ಮೆ ನಿಂತೆ. “ತಳ್ತು ಅಂದ್ರಲ್ಲ ಅಣ್ಣ...” ನಾನು ಶೂ ಲೇಸು ಕಟ್ಟುವವನಂತೆ ಬಗ್ಗಿದೆ.

ನನಗೊಂದು ಎಚ್ಚರಿಕೆ ಪತ್ರ ಕೊಟ್ಟು ಪವರ್ ಚಿಪ್‌ಗೆ ಹಾಕಿದರು. ನಿನ್ನನ್ನು ಉಳಿದವರ ಜೊತೆ ಮನೆಗೆ ಕಳಿಸಿದರು. ಅವರ ಕಾಗದಗಳಲ್ಲೆಲ್ಲ ‘ವಿಭಾಗ ಮುಚ್ಚಿದ ಕಾರಣ’ ಎಂದಿತ್ತು. ನಿನ್ನದರಲ್ಲಿ ಇನ್ನೊಂದು ಸಾಲು ಹೆಚ್ಚಿಗೆ—‘ತಪಾಸಣೆಯಲ್ಲಿ ನಿರ್ಲಕ್ಷ್ಯ’.

ಹೋದ ತಿಂಗಳು ಹಾಸನದ ಬಸ್ ಸ್ಟ್ಯಾಂಡಿನಲ್ಲಿ ನಿನ್ನನ್ನು ಕಂಡೆ. ಗಾರ್ಮೆಂಟ್ಸ್‌ನ ಗುರುತಿನ ಚೀಟಿ ಕೊರಳಲ್ಲೇ ಇತ್ತು, ನೀನು ಚನ್ನರಾಯಪಟ್ಟಣದ ಬಸ್ಸಿಗೆ ನಿಂತಿದ್ದೆ. ನಲವತ್ತೆರಡು ವರ್ಷದ ಗಂಡಸು, ಕಡ್ಲೆಕಾಯಿ ಗಾಡಿಯ ಹಿಂದೆ ಅಡಗಿಕೊಂಡೆ. ನಾಚಿಕೆಗೇಡು. ನಿನ್ನ ಬಸ್ ಹೋಗುವವರೆಗೂ ಅಲ್ಲೇ ಇದ್ದೆ.

ಸೋಮವಾರ ನಮ್ಮ ಎಚ್‌ಆರ್‌ನ ಹುಡುಗಿ ಒಂದು ಫಾರಂ ತಂದು ಕೊಟ್ಟಳು. ಹೊಸದಾಗಿ ಬಂದಿರುವ ಎಲೆಕ್ಟ್ರಾನಿಕ್ಸ್ ಘಟಕಕ್ಕೆ ನೀನು ಅರ್ಜಿ ಹಾಕಿದ್ದೀಯಂತೆ, ಆ ಹೆಚ್ಚಿಗೆ ಸಾಲಿನ ಬಗ್ಗೆ ಅವರು ವಿಚಾರಿಸಿದ್ದಾರಂತೆ, ಜೊತೆಗೆ ಕೆಲಸ ಮಾಡಿದವನು ನಾನೇ ಅಭಿಪ್ರಾಯ ಬರೆಯಬೇಕಂತೆ. ಎರಡು ದಿನ ಆ ಫಾರಂ ನನ್ನ ಊಟದ ಡಬ್ಬಿಯ ಚೀಲದಲ್ಲೇ ಹೊಳೆನರಸೀಪುರಕ್ಕೆ ಹೋಗಿ ಬಂತು. ನಿನ್ನೆ ರಾತ್ರಿಯವರೆಗೂ ಬುದ್ಧಿ ದಾರಿ ಹುಡುಕುತ್ತಲೇ ಇತ್ತು, ಹಾಗೆ ಬರೆದರೆ ಹೇಗೆ, ಹೀಗೆ ಬರೆದರೆ... ಇವತ್ತು ಎಲ್ಲವನ್ನೂ ಬರೆದು ಕೊಟ್ಟೆ.

ಓದಿದ ಹುಡುಗಿ ಮುಖ ನೋಡಿದಳು. “ಇಷ್ಟೆಲ್ಲಾ ಯಾಕೆ ಸರ್? ಒಳ್ಳೆ ಕೆಲಸಗಾರ್ತಿ ಅಂತ ಬರೆದಿದ್ರೆ ಸಾಕಾಗಿತ್ತು.”

“ಆ ಹಳೇ ಸಾಲು ಅಂಗೇ ಇರ್ತದಲ್ಲಮ್ಮ,” ಅಂದೆ.

ವಿಚಾರಣೆ ಮುಗಿಯುವವರೆಗೆ ನಾಳೆಯಿಂದ ಬರಬೇಡಿ ಎಂದಿದ್ದಾರೆ. ಸಂಜೆ ಹೆಂಡತಿಗೆ ಹೇಳಬೇಕು. ನಿನಗೆ ಆ ಕೆಲಸ ಸಿಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ, ಸಿಕ್ಕರೂ ಈ ಮೂರು ವರ್ಷ ವಾಪಸ್ ಬರುವುದಿಲ್ಲ. ಕ್ಷಮಿಸು ಎಂದು ಕೇಳುತ್ತಿಲ್ಲ. ನೀನು ಕೇಳಿದ ಒಂದು ಪ್ರಶ್ನೆಗೆ ಉತ್ತರ ಬಾಕಿ ಇತ್ತು.

ಇಲ್ಲ ಭಾಗ್ಯ. ಯಂತ್ರ ಪೋಲಿಯನ್ನು ತಳ್ಳಲಿಲ್ಲ. ನಾನು ಹಾಕಲೇ ಇಲ್ಲ.