ಮನೆ ಸೀನ್ ಬರೆದವರಿಗೆ ಒಂದು ಹೆಸರಿತ್ತು

ರತ್ನಕ್ಕ ಬರೆದದ್ದನ್ನು ಚಾನೆಲ್‌ನವರು ಬೇರೆಯವರ ಹೆಸರಿನಲ್ಲಿ ತೋರಿಸಿದರು.
ಇಷ್ಟು ವರ್ಷವೂ.
ಇವತ್ತು, ಅವರು ತೀರಿಕೊಂಡ ದಿನವೂ ಅದನ್ನೇ ಮಾಡಿದ್ದಾರೆ.

ಹೌದು... ರತ್ನಕ್ಕ ಇನ್ನಿಲ್ಲ.
ಬೆಳಗ್ಗೆ ತ್ಯಾಗರಾಜನಗರದ ಮನೆಯಲ್ಲಿ ಹಾಲು ಕಾಯಿಸೋಕೆ ಎದ್ದವರು ಅಲ್ಲೇ ಕುಸಿದರಂತೆ. ಹಾರ್ಟ್ ಅಂದರು.
ನಂಬೋಕೆ ಆಗ್ತಿಲ್ಲ...
ಮೊನ್ನೆ ತಾನೇ ಫೋನ್ ಮಾಡಿ ನನ್ನನ್ನು ಚೆನ್ನಾಗಿ ಬೈದಿದ್ದರು.

ರತ್ನಕ್ಕ ಯಾರು ಅಂತ ನಿಮ್ಮಲ್ಲಿ ಹೆಚ್ಚಿನವರು ಕೇಳ್ತೀರಿ. ಸಿಟ್ಟು ಬರುವುದೇ ಅದಕ್ಕೆ.

ನೀವೆಲ್ಲ ‘ಠಾಣೆ ಸರ್ಕಲ್’ ನೋಡಿದ್ದೀರಿ.
ಡಿಟೆಕ್ಟಿವ್ ಸೀರಿಯಲ್. ವಾರಕ್ಕೊಂದು ಕೊಲೆ.
ಅದರಲ್ಲಿ ಒಬ್ಬ ಕೊಲೆಗಾರನ ಹೆಸರಾದರೂ ನೆನಪಿದೆಯಾ?
ಇಲ್ಲ ಅಲ್ವಾ?
ಇನ್ಸ್‌ಪೆಕ್ಟರ್ ಚಂದ್ರಕಾಂತನ ಹೆಂಡತಿ ಶೈಲಾ ಮೊಳೆ ಕಿತ್ತದ್ದು?
ಅದು ಎಲ್ಲರಿಗೂ ನೆನಪಿದೆ!

ಹನುಮಂತನಗರದ ನಮ್ಮ ಮನೆಯಲ್ಲಿ ಟಿವಿಯಲ್ಲಿ ಹೆಣ ಕಾಣಿಸಿದರೆ ಅಮ್ಮ ಎದ್ದು ಹೋಗಿ ಕುಕ್ಕರ್ ಇಡುತ್ತಿದ್ದರು.
ಚಂದ್ರಕಾಂತ ಮನೆಗೆ ಬಂದು ಶೂ ಬಿಚ್ಚಿದ ಅಂದರೆ ಪಕ್ಕದ ಮನೆ ಆಂಟಿ ಕಿಟಕಿಯಿಂದಲೇ ಕೂಗೋರು...
“ರೀ, ಬನ್ರೀ ಬೇಗ! ಮನೆಗ್ ಬಂದ!”

ಶೈಲಾಗೆ ಟೀಚರ್ ಕೆಲಸ ಸಿಕ್ಕಿತು. ಅವನು ಬೇಡ ಅಂದ.
ಅವಳು ಹೋಗಿ ಸುತ್ತಿಗೆ ತಂದಳು.
ಅವನು ದಿನಾ ಬೆಲ್ಟ್ ನೇತುಹಾಕುತ್ತಿದ್ದ ಮೊಳೆಯನ್ನು ಗೋಡೆಯಿಂದ ಕಿತ್ತುಹಾಕಿದಳು.
ಅವತ್ತು ಸಂಜೆ ಬಂದ... ಅಭ್ಯಾಸಬಲ, ನೋಡದೇ ಕೈ ಚಾಚಿದ... ಬೆಲ್ಟ್ ದಪ್ಪಂತ ನೆಲಕ್ಕೆ ಬಿತ್ತು.
ಅಮ್ಮ ಎದ್ದು ನಿಂತು, “ಸರಿಯಾಗ್ ಮಾಡಿದ್ಲು!” ಅಂದರು.
ಅಪ್ಪ ಪೇಪರ್ ಎತ್ತಿಕೊಂಡು ಮುಖಕ್ಕೆ ಅಡ್ಡ ಹಿಡಿದರು.

ಆ ಸೀನ್ ಬರೆದವರು ರತ್ನಕ್ಕ.

ನನಗೆ ಹೇಗೆ ಗೊತ್ತು ಅಂದರೆ, ಆಮೇಲೆ ನಾನು ಅದೇ ಸೀರಿಯಲ್‌ಗೆ ಪ್ರಾಂಪ್ಟರ್ ಆಗಿ ಸೇರಿದೆ. ಕ್ಯಾಮೆರಾ ಪಕ್ಕ ಕೂತು ಕಲಾವಿದರಿಗೆ ಮಾತುಗಳನ್ನು ಓದಿ ಹೇಳುವ ಕೆಲಸ.
ನಿರ್ದೇಶಕರ ಸ್ಕ್ರಿಪ್ಟಿನಲ್ಲಿ ಕೊಲೆ ಇರುತ್ತಿತ್ತು, ಚೇಸ್ ಇರುತ್ತಿತ್ತು. ನಡುವೆ ಖಾಲಿ ಜಾಗ. ಅಲ್ಲಿ ಎರಡೇ ಪದ... ‘ಮನೆ ಸೀನ್’.
ಮೇಕಪ್ ರೂಮಿನ ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಆ ಖಾಲಿ ಜಾಗವನ್ನು ತುಂಬುತ್ತಿದ್ದವರು ರತ್ನಕ್ಕ.
ಟೈಟಲ್ ಕಾರ್ಡಿನಲ್ಲಿ ಮಾತ್ರ ಕಥೆ, ಚಿತ್ರಕಥೆ, ಸಂಭಾಷಣೆ... ಮೂರಕ್ಕೂ ನಿರ್ದೇಶಕರದ್ದೇ ಹೆಸರು.

ಅಕ್ಕ...
ನಾನು ಬ್ಯಾಗಿನ ತುಂಬ ಹೋರಾಟದ ಕರಪತ್ರ ತುಂಬಿಕೊಂಡು ಸೆಟ್ಟಿಗೆ ಬಂದ ಮೊದಲ ದಿನ ನಿಮಗೇ ಭಾಷಣ ಮಾಡಿದ್ದೆ.
“ಇದು ಪೊಲೀಸರ ಜಾಹೀರಾತು ಅಕ್ಕ. ಲಾಕಪ್ಪಿನ ಏಟು ಎಲ್ಲಿದೆ ಇದರಲ್ಲಿ?”
ನೀವು ಪೆನ್ನು ಕೆಳಗಿಡದೇ ಹೇಳಿದ್ರಿ...
“ಲಾಕಪ್ ಬರೆಯೋಕೆ ನನ್ನ ಬಿಡಲ್ಲ ಕಣೋ ಕ್ರಾಂತಿಕಾರಿ. ಅಡುಗೆಮನೆ ಬಿಟ್ಟಿದ್ದಾರೆ. ನಾನು ವಿಚಾರಣೆ ಮಾಡೋದು ಅಲ್ಲೇ.”

ನಿಮಗೆ ಹೆಸರು ಬೇಡ್ವಾ ಅಂತ ಕೇಳಿದ್ದಕ್ಕೆ ಕೆಂಡವಾಗಿಬಿಟ್ರಿ.
“ಯಾಕ್ ಬೇಡ? ಬೇಕು! ದಪ್ಪ ಅಕ್ಷರದಲ್ಲಿ ಬೇಕು. ನಾನೇನ್ ಸನ್ಯಾಸಿನಾ?”
ಅವತ್ತೇ ಹೋಗಿ ಕೇಳಿದ್ರಿ ಕೂಡ. ನಾನು ಪಕ್ಕದಲ್ಲೇ ಇದ್ದೆ. ನಿರ್ದೇಶಕರು ನಕ್ಕರು.
“ಅಕ್ಕಾ, ಮನೆ ಸೀನ್‌ಗೆಲ್ಲ ಯಾರ್ ಹೆಸ್ರು ಹಾಕ್ತಾರೆ? ಅದು ಫಿಲ್ಲರ್ ಅಲ್ವಾ?”

ಫಿಲ್ಲರ್!

ಇವತ್ತು ಚಾನೆಲ್ ತನ್ನ ಪೇಜಿನಲ್ಲಿ ಹಾಕಿಕೊಂಡಿರುವ ವಿಡಿಯೋ ಯಾವುದು ಗೊತ್ತಾ ಅಕ್ಕ?
ಅದೇ ಮೊಳೆ ಸೀನ್.
“ನಮ್ಮ ನಿರ್ದೇಶಕರ ಮರೆಯಲಾಗದ ಕಲ್ಪನೆ. ಸೋಮವಾರದಿಂದ ಮರುಪ್ರಸಾರ.”
ಅದರ ಕೆಳಗೆ ಒಂದೇ ಸಾಲು... ತಂಡದ ಸಹಾಯಕಿಯೊಬ್ಬರ ನಿಧನಕ್ಕೆ ಸಂತಾಪ.
ಸಹಾಯಕಿಯೊಬ್ಬರು!
ಸತ್ತ ದಿನವೂ ಹೆಸರು ಹೇಳಲಿಲ್ಲ.
ಮನೆಯೊಳಗೆ ಹೆಂಗಸು ಮಾಡುವ ಕೆಲಸ ಕೆಲಸವೇ ಅಲ್ಲ, ಮನೆ ಸೀನ್ ಬರೆದರೆ ಅದು ಬರವಣಿಗೆಯೇ ಅಲ್ಲ... ಎರಡೂ ಒಂದೇ ರೋಗ.

ಸ್ನೇಹಿತರೇ, ಇನ್ನೊಂದು ವಿಷಯ ನಿಮಗೆ ಗೊತ್ತಿಲ್ಲ.
ಕೊನೆಯ ಎಪಿಸೋಡಿಗೆ ರತ್ನಕ್ಕ ಒಂದು ಮನೆ ಸೀನ್ ಬರೆದಿದ್ದರು. ಶೂಟ್ ಕೂಡ ಆಯಿತು. ಪ್ರಾಂಪ್ಟ್ ಮಾಡಿದ್ದು ನಾನೇ.
ಶೈಲಾ ಸ್ಕೂಲಿನಿಂದ ಬರುತ್ತಾಳೆ. ಸುತ್ತಿಗೆ ತಗೊಂಡು ಗೋಡೆಗೆ ಎರಡು ಮೊಳೆ ಹೊಡೆಯುತ್ತಾಳೆ, ಅಕ್ಕಪಕ್ಕ. ಒಂದಕ್ಕೆ ತನ್ನ ಬ್ಯಾಗ್ ಹಾಕುತ್ತಾಳೆ. ಇನ್ನೊಂದನ್ನು ಖಾಲಿ ಬಿಡುತ್ತಾಳೆ.
ಚಂದ್ರಕಾಂತ ಬಾಗಿಲಲ್ಲಿ ಬೆಲ್ಟ್ ಹಿಡಿದು ನಿಂತು, “ಹಾಕ್ಲಾ?” ಅಂತ ಕೇಳುತ್ತಾನೆ.
ಅಷ್ಟೇ.
ಚೇಸ್ ಉದ್ದ ಆಯಿತು ಅಂತ ಈ ಸೀನನ್ನೇ ಕತ್ತರಿಸಿ ಬಿಸಾಕಿದರು.
ಸೀನ್ ನನ್ನ ಬಾಯಲ್ಲಿ ಕೇಳಿದ ನಮ್ಮಮ್ಮ, ಆಮೇಲೆ ಶೈಲಾ ಏನು ಮಾಡಿದಳು ಅಂತ ಈಗಲೂ ಕೇಳ್ತಾರೆ...

ಮೊನ್ನೆ ಫೋನಿನಲ್ಲಿ ಬೈದದ್ದೂ ಹೆಸರಿನ ವಿಷಯಕ್ಕೇ.
“ಮರುಪ್ರಸಾರ ಮಾಡ್ತಾರಂತೆ. ನಿನ್ ಕ್ರಾಂತಿ ಎಲ್ಲಿಗ್ ಬಂತೋ? ನನ್ ಹೆಸ್ರು ಯಾವಾಗ?”
ನೋಡೋಣ ಅಕ್ಕ ಅಂದೆ. ಹಾಗಂದ ಬಾಯಿ ಈಗ ಉರಿಯುತ್ತಿದೆ.

ಸೋಮವಾರದ ಟೈಟಲ್ ಕಾರ್ಡಿನಲ್ಲಿ ರತ್ನಕ್ಕನ ಹೆಸರು ಬರಬೇಕು.
ದಪ್ಪ ಅಕ್ಷರದಲ್ಲಿ.
ಅದನ್ನು ಕೇಳೋಕೆ ಜೆ.ಪಿ. ನಗರದ ಚಾನೆಲ್ ಆಫೀಸಿಗೆ ಹೋಗೋಣ. ಸೆಕ್ಯುರಿಟಿ ಅಣ್ಣ ಒಳಗೆ ಬಿಡದಿದ್ದರೆ ಗೇಟಿನ ಮುಂದೆ ಫುಟ್‌ಪಾತಿನಲ್ಲೇ ಆ ಕೊನೆಯ ಸೀನ್ ಮಾಡ್ತೀವಿ. ಶೈಲಾ ಆಗೋಕೆ ನಮ್ಮಮ್ಮ ಒಪ್ಪಿದ್ದಾರೆ. ಪ್ರಾಂಪ್ಟ್ ನಾನು ಮಾಡ್ತೀನಿ, ರಸ್ತೆಯ ಆ ತುದಿಗೂ ಕೇಳುವ ಹಾಗೆ.
ಮೊದಲ ಮಾತು... ‘ಬರೆದವರು ರತ್ನಕ್ಕ’.

ಬರುವಾಗ ಕೈಯಲ್ಲಿ ಒಂದೊಂದು ಮೊಳೆ ಇರಲಿ. ಯಾರ ಗೋಡೆಗೂ ಹೊಡೆಯೋಲ್ಲ, ಹೆದರಬೇಡಿ. ಹಿಡಿದು ನಿಲ್ಲೋಣ.

ಹೋಗಿ ಬನ್ನಿ ಅಕ್ಕ.
ನಿಮ್ಮ ಜೀವ ತಣ್ಣಗಿರಲಿ...
ನಾವು ತಣ್ಣಗಿರೋದಿಲ್ಲ.

ಶನಿವಾರ. ಬೆಳಗ್ಗೆ ಹತ್ತು ಗಂಟೆ. ಚಾನೆಲ್ ಗೇಟಿನ ಮುಂದೆ.